ಧ್ರುವ ಮುಳುಗುವ ಊರು

ಮಂಗಳ ಗ್ರಹದ ಮೇಲೆ ಚಾಪೆ ಹಾಸಿ ಮಲಗಿಕೊಂಡು ಆಕಾಶದಲ್ಲಿ ಮಂಗಳ ಗ್ರಹವನ್ನು ನೋಡುತ್ತಿದ್ದ ಜನ ನಾವು. ನಗು ಬಂತೇ? ನಗಿ, ಬೇಜಾರಿಲ್ಲ. ಮಾದೇಶ ಬದುಕಿದ್ದಷ್ಟು ದಿನ ನಾವೂ ಅದಕ್ಕೆ ನಗುತ್ತಲೇ ಇದ್ದೆವು.

ನಮ್ಮೂರು ಕೆಂಪುಕೆರೆ. ಕೆರೆ ಎಲ್ಲಿದೆ ಎಂದು ಕೇಳಬೇಡಿ, ಇಲ್ಲಿ ಹೊರಗೆ ಒಂದು ಹನಿ ನೀರು ನಿಲ್ಲುವುದಿಲ್ಲ. ಮೊದಲ ನೌಕೆಯಲ್ಲಿ ಬಂದ ಹಾಸನ, ಮಂಡ್ಯದ ಕಡೆಯವರು ಊರು ಅಂದಮೇಲೆ ಕೆರೆ ಬೇಡವೇ ಎಂದು ಹೆಸರಿನಲ್ಲಾದರೂ ಇಟ್ಟುಕೊಂಡರು. ಒಂದು ಆಳವಾದ ಕಣಿವೆ, ಅದಕ್ಕೊಂದು ಮುಚ್ಚಳ, ಮುಚ್ಚಳದ ಮೇಲೆ ಆಳುದ್ದ ಕೆಂಪು ಮಣ್ಣು. ಸೂರ್ಯನ ಕೆಟ್ಟ ಕಿರಣಗಳು ಒಳಗೆ ಬರಬಾರದಲ್ಲ, ಅದಕ್ಕೆ. ಹೊರಗಿನಿಂದ ನೋಡಿದರೆ ಇಲ್ಲೊಂದು ಊರಿದೆ ಎನ್ನುವುದೇ ಗೊತ್ತಾಗದು. ಒಂದು ದೀಪವೂ ಕಾಣಿಸದು. ಮುಚ್ಚಳದ ಒಳಮೈಗೆ ಬೆಳಕಿನ ಹಲಗೆಗಳನ್ನು ಜೋಡಿಸಿದ್ದಾರೆ. ಹಗಲು ಅದು ನೀಲಿ, ರಾತ್ರಿ ನಕ್ಷತ್ರ. ಅದಕ್ಕೆ ನಮ್ಮವರು ಇಟ್ಟ ಹೆಸರು ಚಪ್ಪರ. ಅದನ್ನು ನಡೆಸುವ ಕೋಣೆ ಚಪ್ಪರದ ಮನೆ. ಅಲ್ಲಿ ಕೆಲಸ ಮಾಡುವವರು ಇಬ್ಬರು, ಯಜಮಾನರು ಬೋರಲಿಂಗಣ್ಣ, ಬೈಸಿಕೊಳ್ಳುವವಳು ಕಮಲಾಕ್ಷಿ ಎಂಬ ನಾನು. ಊರಿನ ರೇಡಿಯೋ ಕೂಡ ಅದೇ ಕೋಣೆಯಲ್ಲಿ, ನನ್ನ ಕೊರಳಿಗೆ.

ಚಪ್ಪರದ ಮೇಲೆ ಯಾವ ಆಕಾಶ ತೋರಿಸಬೇಕು ಎನ್ನುವುದೇ ಮೊದಲ ವರ್ಷದ ದೊಡ್ಡ ಜಗಳ. ಅದು ಅರ್ಥವಾಗಬೇಕಾದರೆ ಒಂದು ವಿಷಯ ಹೇಳಿಬಿಡುತ್ತೇನೆ, ಬೇಗ ಮುಗಿಸುತ್ತೇನೆ. ರಾತ್ರಿ ನಕ್ಷತ್ರಗಳು ಮೂಡಣದಿಂದ ಪಡುವಣಕ್ಕೆ ನಡೆಯುವ ಹಾಗೆ ಕಾಣುತ್ತದಲ್ಲ, ನಡೆಯುವುದು ಅವಲ್ಲ, ತಿರುಗುವುದು ನಮ್ಮ ಕಾಲ ಕೆಳಗಿನ ನೆಲ. ರಾಗಿ ಬೀಸುವ ಕಲ್ಲಿನ ಮೇಲೆ ಇರುವೆ ಕೂತರೆ ಅದಕ್ಕೆ ಮನೆಯೆಲ್ಲ ಸುತ್ತಿದ ಹಾಗೆ ಕಾಣುತ್ತದೆ. ಆ ಕಲ್ಲಿನ ನಡುವಿನ ಗೂಟ ಸೂರಿನ ಯಾವ ಜಂತಿಗೆ ನೇರವಾಗಿದೆಯೋ ಆ ಜಂತಿ ಮಾತ್ರ ಇರುವೆಗೆ ನಿಂತಲ್ಲೇ ಕಾಣುತ್ತದೆ. ಭೂಮಿಯ ಗೂಟ ಧ್ರುವ ನಕ್ಷತ್ರಕ್ಕೆ ನೇರವಾಗಿದೆ, ಅದಕ್ಕೆ ಅಲ್ಲಿ ಧ್ರುವ ಅಲ್ಲಾಡುವುದಿಲ್ಲ. ಮಂಗಳನ ಗೂಟ ಬೇರೆ ಕಡೆ ನೋಡುತ್ತದೆ. ಹಂಸ ಎನ್ನುವ ನಕ್ಷತ್ರಪುಂಜದ ಬಾಲದಲ್ಲಿ ಒಂದು ದೊಡ್ಡ ಚುಕ್ಕಿ ಇದೆ, ಅದರ ಪಕ್ಕದ ಖಾಲಿ ಜಾಗಕ್ಕೆ. ಹಾಗಾಗಿ ಇಲ್ಲಿ ಧ್ರುವನೂ ಉಳಿದವರ ಹಾಗೆ ಅಲೆಯುವವನೇ. ಉತ್ತರದಿಂದ ಸರಿಯುತ್ತಾನೆ, ವಾಯವ್ಯಕ್ಕೆ ಹೋಗುತ್ತಾನೆ, ಕೆಳಗಿಳಿಯುತ್ತಾನೆ, ನಮ್ಮೂರಿನ ಮಟ್ಟಿಗೆ ಕೆಲವು ಗಂಟೆ ಮುಳುಗಿಯೇ ಬಿಡುತ್ತಾನೆ.

ಮೊದಲ ವರ್ಷ ಚಪ್ಪರದಲ್ಲಿ ನಿಜವಾದ ಆಕಾಶವನ್ನೇ ತೋರಿಸುತ್ತಿದ್ದರು, ಹೊರಗೆ ಹೇಗಿದೆಯೋ ಹಾಗೆ. ಬೋರಣ್ಣನ ಹೆಂಡತಿ ತಾಯಮ್ಮ ಊಟ ಮುಗಿಸಿ ಜಗಲಿ ಮೇಲೆ ಕೂತು ಸಪ್ತರ್ಷಿಗಳನ್ನು ಹುಡುಕಿದರು, ಅಲ್ಲಿಂದ ಧ್ರುವನನ್ನು ಹಿಡಿದರು. ಎಲೆ ಅಡಿಕೆ ಹಾಕಿಕೊಂಡು ಮತ್ತೆ ತಲೆ ಎತ್ತುವಷ್ಟರಲ್ಲಿ ಅವನು ಅಲ್ಲಿಲ್ಲ.

"ಇದೇನ್ರೀ ಇದು! ಧ್ರುವನೇ ಜಾಗ ಬುಟ್ಟು ಎದ್ದೋಗವ್ನೆ!" ಎಂದು ಬೆಚ್ಚಿಬಿದ್ದರು.

ಬೋರಣ್ಣ ಬೀಸುವ ಕಲ್ಲು, ಗೂಟ ಎಲ್ಲ ಹೇಳಿ ನೋಡಿದರು. ತಾಯಮ್ಮ ಕೇಳಿಸಿಕೊಂಡರು, ಅರ್ಥವೂ ಆಯಿತು. ಅರ್ಥವಾದರೆ ನಿದ್ದೆ ಬರುತ್ತದೆಯೇ? ರಾತ್ರಿಯೆಲ್ಲ ಎದ್ದು ಕೂರುತ್ತಿದ್ದರು. ಮುದ್ದೆ ಮುರಿದು ಹಾಗೇ ಬಿಡುತ್ತಿದ್ದರು. ಅವರೊಬ್ಬರೇ ಅಲ್ಲ, ಅರ್ಧ ಊರಿಗೆ ಅದೇ ಕಾಯಿಲೆ. ತಲೆ ಸುತ್ತು, ವಾಂತಿ, ಸುಮ್ಮಸುಮ್ಮನೆ ಅಳು. ಕೊನೆಗೆ ಡಾಕ್ಟರೇ ಹೇಳಿದರು, ಇವರಿಗೆ ಮಾತ್ರೆ ಬೇಡ, ಪರಿಚಯದ ಆಕಾಶ ಕೊಡಿ ಎಂದು. ಸಭೆ ಸೇರಿತು. ಹಾಸನದ ಆಕಾಶ ಬೇಕೆನ್ನುವವರು ಕೈಯೆತ್ತಿ ಎಂದರೆ ಊರಿಗೆ ಊರೇ ಎತ್ತಿತು.

ಅಂದು ರಾತ್ರಿಯಿಂದ ನಮ್ಮ ಚಪ್ಪರದ ತುಂಬ ಹಾಸನದ ಆಕಾಶ. ಧ್ರುವ ಉತ್ತರದ ಗೋಡೆಯ ಮೇಲೆ, ಮೊಳೆ ಹೊಡೆದ ಹಾಗೆ. ಅದರ ಜೊತೆಗೆ ಭೂಮಿಯಿಂದ ಕಾಣುವ ಗ್ರಹಗಳೂ ಬಂದವು. ಗುರು, ಶನಿ, ಕೆಂಪಗೆ ಮಂಗಳ. ಮಂಗಳ ಒಂದಷ್ಟು ತಿಂಗಳು ಮುಂದೆ ನಡೆದು, ಮತ್ತೆ ಹಿಂದಕ್ಕೆ ಸರಿದು, ಮತ್ತೆ ಮುಂದೆ ಹೋಗುತ್ತಿದ್ದ. ಆ ಹಿಂದೆ ಮುಂದೆ ಎಲ್ಲ ಭೂಮಿ ಅವನನ್ನು ದಾಟಿ ಹೋಗುವಾಗ ಕಾಣುವ ಕಣ್ಕಟ್ಟು. ಇಲ್ಲಿ ನಿಂತವರಿಗೂ ಅದಕ್ಕೂ ಏನು ಸಂಬಂಧ? ಆದರೂ ನೋಡುತ್ತಿದ್ದೆವು. ತಾಯಮ್ಮ ಅಂದು ಬೆಳಗಿನವರೆಗೆ ಮಗ್ಗುಲು ಬದಲಿಸದೆ ಮಲಗಿದರಂತೆ. ಬೋರಣ್ಣ ಮರುದಿನ ಕೆಲಸಕ್ಕೆ ಬಂದವರೇ ನಿಜ ಆಕಾಶದ ಗುಂಡಿಯ ಮೇಲೆ ಅಂಟುಪಟ್ಟಿ ಹಾಕಿಬಿಟ್ಟರು.

ನಾಲ್ಕು ವರ್ಷಕ್ಕೆ ತಾಯಮ್ಮ ಹೋದರು. ಅದೇ ಜಗಲಿಯ ಮೇಲೆ, ಅದೇ ಆಕಾಶದ ಕೆಳಗೆ. ಅಂಟುಪಟ್ಟಿ ಹಾಗೇ ಉಳಿಯಿತು. ಮಕ್ಕಳಿಗೆ ವಾರಕ್ಕೊಂದು ದಿನವಾದರೂ ಹೊರಗಿನ ಆಕಾಶ ತೋರಿಸೋಣ ಬೋರಣ್ಣ ಎಂದು ನಾನು ಒಮ್ಮೆ ಕೇಳಿದ್ದುಂಟು.

"ಸ್ಕೂಲ್ ಪುಸ್ತಕದಾಗೆ ಬರ್ದವ್ರಲ್ಲ ಕಮಲಾ, ಸಾಕು ಬುಡು" ಎಂದರು. ಅವರ ಮುಖ ನೋಡಿ ನಾನು ಮತ್ತೆ ಕೇಳಲಿಲ್ಲ.

ಬರೆದಿದ್ದರು, ಸುಳ್ಳಲ್ಲ. 'ಮಂಗಳನಲ್ಲಿ ಧ್ರುವ ನಕ್ಷತ್ರವು ಉತ್ತರ ದಿಕ್ಕನ್ನು ಸೂಚಿಸುವುದಿಲ್ಲ.' ಒಂದು ಸಾಲು. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಪರೀಕ್ಷೆಯಲ್ಲಿ ಬರೆಯುತ್ತಿದ್ದರು, ಸಂಜೆ ಬೀದಿಯಲ್ಲಿ ಆಡುವಾಗ ಉತ್ತರ ಯಾವುದೆಂದರೆ ಧ್ರುವನ ಕಡೆ ಕೈ ತೋರಿಸುತ್ತಿದ್ದರು. ಊರೊಳಗೆ ಅದು ಸರಿಯಾಗಿಯೇ ಇತ್ತು. ಚಪ್ಪರದ ಧ್ರುವ ಊರಿನ ಉತ್ತರಕ್ಕೇ ಇದ್ದನಲ್ಲ.

ಬೋರಣ್ಣನ ಮಗಳು ಹೊನ್ನಮ್ಮ ಮಡಿಲಲ್ಲಿ ಬಂದ ಕೂಸು, ಮಾದೇಶ ಇಲ್ಲೇ ಹುಟ್ಟಿದವನು. ಇಬ್ಬರೂ ಒಂದೇ ಬೀದಿ. ಇಬ್ಬರೂ ಬೇರೆ ಆಕಾಶ ಕಂಡವರಲ್ಲ. ಮಾದೇಶ ತೆಂಕಣ ಗಣಿಯ ಪಂಪು ನೋಡಿಕೊಳ್ಳುತ್ತಿದ್ದ. ವಾರಕ್ಕೆ ಎರಡು ಸಲ ಬೆಳಗ್ಗೆ ಗಾಡಿ ಹೊಡೆದುಕೊಂಡು ಹೋಗಿ ಕತ್ತಲಾಗುವ ಮೊದಲೇ ಬರುವುದು. ಹಾಡು ಹೇಳಿಕೊಂಡೇ ರೇಡಿಯೋಗೆ ಬರುತ್ತಿದ್ದ. "ಅತ್ತೆ, ನಿಮ್ ಚಪ್ಪರದಲ್ಲಿ ಇವತ್ತು ಮೋಡ ಹಾಕಿ, ಸೆಕೆ ಜಾಸ್ತಿ" ಎನ್ನುವನು. ಅವನಿರುವುದು ಎಲ್ಲ ಮರಗಟ್ಟುವ ಚಳಿಯಲ್ಲಿ! ಅಂಥ ಹುಡುಗ.

ಜಾತಕ ತೋರಿಸಿದಾಗ ನಮ್ಮ ಸುಬ್ರಾಯ ಜೋಯಿಸರು ತಲೆ ಕೆರೆದುಕೊಂಡರು. ಹಗಲು ಅವರದು ಸೊಪ್ಪಿನ ಮನೆಯಲ್ಲಿ ಗಿಡಗಳಿಗೆ ನೀರು ಬಿಡುವ ಕೆಲಸ, ಉಳಿದ ಹೊತ್ತು ಪುರೋಹಿತಿಕೆ.

"ಹುಡುಗನಿಗೆ ಕುಜದೋಷ ಇದೆಯೋ ಇಲ್ಲವೋ ನನಗೆ ಹೇಳಕ್ಕಾಗಲ್ಲ ಬೋರಲಿಂಗಯ್ಯ. ಇವನು ಕುಜನ ಮೇಲೇ ಹುಟ್ಟಿದಾನೆ. ಯಾವ ಮನೆಯಲ್ಲಿ ಅಂತ ಹಾಕಲಿ?"

"ನಮ್ ಮನ್ಯಾಗೆ ಹಾಕಿ ಸ್ವಾಮಿ. ಇನ್ಮೇಲೆ ಅಂವ ನಮ್ಮೋನೆಯ" ಎಂದರು ಬೋರಣ್ಣ.

ಮದುವೆ ಬೆಳಗಿನ ಮುಹೂರ್ತಕ್ಕೆ. ಧಾರೆಯಾಯಿತು, ಸಪ್ತಪದಿಯಾಯಿತು. ಇನ್ನು ಹೊಸ ಗಂಡು ಹೆಣ್ಣಿಗೆ ಅರುಂಧತಿಯನ್ನೂ ಧ್ರುವನನ್ನೂ ತೋರಿಸಬೇಕು. ಹಾಸನದಲ್ಲಾಗಿದ್ದರೆ ಹಾಡಹಗಲಲ್ಲಿ ಪುರೋಹಿತರು ಮೇಲೆ ಬೆರಳು ತೋರಿಸುವುದು, ಇವರು ಏನೂ ಕಾಣದಿದ್ದರೂ ಕಂಡಿತು ಎನ್ನುವುದು, ಮುಗಿಯಿತು. ನಮ್ಮ ಕೆಂಪುಕೆರೆಯಲ್ಲಿ ಆ ಮೋಸವಿಲ್ಲ. ಜೋಯಿಸರು ಚಪ್ಪರದ ಮನೆಗೆ ಫೋನು ಮಾಡಿದರು.

"ಕಮಲಾಕ್ಷಮ್ಮಾ, ಒಂದೈದು ನಿಮಿಷ ರಾತ್ರಿ ಮಾಡಿ. ಅರುಂಧತೀನ ಚೂರು ಮೇಲಕ್ಕೆತ್ತಿ, ಕಂಬ ಅಡ್ಡ ಬರ್ತಾ ಇದೆ."

ಎತ್ತಿದೆ. ಊರಿನವರೆಲ್ಲ ಹೋ ಎಂದರು. ಆಮೇಲೆ ಧ್ರುವ. ಬೋರಣ್ಣನ ಮನೆ ಉತ್ತರದ ಸಾಲಿನಲ್ಲಿ ಕೊನೆಯದು; ಧ್ರುವ ಸರಿಯಾಗಿ ಆ ಮನೆಯ ಸೂರಿನ ಮೇಲೆ ಕೂತಿದ್ದ. ಇವನ ಹಾಗೆ ಸ್ಥಿರವಾಗಿರಿ ಎಂದು ಜೋಯಿಸರು ಹರಸಿದರು. ಮಾದೇಶ ಸುಮ್ಮನಿರುವ ಜಾತಿಯೇ? ಎಲ್ಲರಿಗೂ, ಫೋನಿನಲ್ಲಿ ನನಗೂ ಕೇಳುವ ಹಾಗೆ ಹೊನ್ನುವಿಗೆ ಹೇಳಿದ.

"ನಿನ್ ಮನೆ ಗುರ್ತು ಚೆನ್ನಾಗ್ ಸಿಕ್ತು ಕಣೆ. ಎಲ್ಲೇ ಓದ್ರೂ ಅವನ್ನ ನೋಡ್ಕಂಡು ನೇರ ಬಂದ್ಬುಡ್ತೀನಿ."

"ಬರ್ದೆ ಎಲ್ಲಿಗ್ ಓದೀರಿ" ಎಂದಳು ಅವಳು, ನಾಚಿಕೆಯೂ ಇಲ್ಲದೆ. ಎಷ್ಟು ನಕ್ಕೆವೋ.

ಎರಡು ವರ್ಷ ಬೋರಣ್ಣನ ಮನೆಯಲ್ಲೇ ಚೆನ್ನಾಗಿ ಬಾಳಿದರು. ಆಮೇಲೆ ಆ ಧೂಳಿನ ಗಾಳಿ ಬಂತು.

ಅಂದು ಮಾದೇಶ ಗಣಿಗೆ ಹೋಗಿದ್ದ. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದು ಗುಡ್ಡದ ಮೇಲಿನ ರೇಡಿಯೋ ಕಂಬಕ್ಕೆ ಧೂಳು ಹೊಕ್ಕಿತು. ಆ ಕಂಬವೇ ನಮ್ಮ ಗಾಡಿಗಳಿಗೆ ಕಣ್ಣು, ಕಿವಿ, ದಾರಿ ಎಲ್ಲ. ಮಂಗಳನಲ್ಲಿ ದಿಕ್ಸೂಚಿ ಕೆಲಸಕ್ಕೆ ಬರುವುದಿಲ್ಲ. ಮುಳ್ಳನ್ನು ಎಳೆಯುವ ಅಯಸ್ಕಾಂತದ ಬಲ ಈ ಗ್ರಹಕ್ಕಿಲ್ಲ. ಸಂಜೆಗೆ ಗಾಳಿ ನಿಂತಿತು. ಗಾಡಿ ಬರಲಿಲ್ಲ. ಹುಡುಗರು ಕಂಬಕ್ಕೆ ಹತ್ತಿ ಹೇಗೋ ರೇಡಿಯೋ ಹೊಂದಿಸಿದರು. ಮಾದೇಶನ ಜೊತೆ ಕೆಲಸದ ಅಂತೋಣಿ ಉಳಿದ ಒಂದೇ ಗಾಡಿ ತೆಗೆದುಕೊಂಡು ದಕ್ಷಿಣಕ್ಕೆ ಹೊರಟ. ಚಕ್ರದ ಹಳೆಯ ಗುರುತುಗಳೆಲ್ಲ ಧೂಳಿನಲ್ಲಿ ಅಳಿಸಿಹೋಗಿದ್ದವು. ಕಂಬದ ಸಂಕೇತ ಹಿಡಿದು ನಿಧಾನವಾಗಿ ಹೋದ.

ಹೊತ್ತು ಬಹಳ ಕಳೆದ ಮೇಲೆ ಅಂತೋಣಿಯ ದನಿ ಬಂತು.

"ಕಮಲಕ್ಕ, ಗಾಡಿ ಸಿಕ್ತು. ಅಚ್ಚು ಮುರಿದಿದೆ. ಒಳಗಡೆ ಗಾಳಿ ಸೋರಿ ಖಾಲಿ. ಮಾದೇಶ ಇಲ್ಲ. ಕವಚ ಹಾಕ್ಕೊಂಡು ನಡೆದೇ ಹೊರಟವ್ನೆ. ಇಲ್ಲೆಲ್ಲ ಬರೀ ಬಂಡೆ, ಹೆಜ್ಜೆ ಗುರುತಿಲ್ಲ."

ಕವಚದಲ್ಲಿ ಆರು ಗಂಟೆಯ ಗಾಳಿ ಇರುತ್ತದೆ, ಹದವಾಗಿ ನಡೆದರೆ ಸ್ವಲ್ಪ ಹೆಚ್ಚು. ಅದರ ರೇಡಿಯೋ ಮಾತ್ರ ಕೂಗಳತೆಗಷ್ಟೇ, ಕಂಬದವರೆಗೆ ಮುಟ್ಟದು. ಗಾಡಿಯಿಂದ ಊರಿಗೆ ನಾಲ್ಕೈದು ಗಂಟೆಯ ನಡಿಗೆ, ನೇರ ಉತ್ತರಕ್ಕೆ. ಬೋರಣ್ಣನ ಮುಖಕ್ಕೆ ಸ್ವಲ್ಪ ರಕ್ತ ಬಂತು.

"ಬತ್ತಾ ಇರ್ತಾನೆ. ಉತ್ತರಕ್ಕೆ ನೇರ ಬಾ ಅಂತೋಣಿ, ದಾರೀಲೇ ಸಿಕ್ತಾನೆ" ಎನ್ನುತ್ತ ಕಿಟಕಿಯಾಚೆ ಕೈ ತೋರಿಸಿದರು.

ಅಂತೋಣಿ ದೊಡ್ಡ ದೀಪ ಹಾಕಿಕೊಂಡು ಆ ನೇರದಲ್ಲೇ ಹುಡುಕುತ್ತ ಬರತೊಡಗಿದ. ನನ್ನನ್ನು ಬೋರಣ್ಣ ತಮ್ಮ ಮನೆಗೆ ಕಳಿಸಿದರು. ಹೊನ್ನು ಒಬ್ಬಳೇ ಇದ್ದಾಳೆ, ಗಾಡಿ ಸಿಕ್ಕಿತೆಂದು ಹೇಳಿ ಬಾ ಎಂದರು.

ಹೊನ್ನು ಜಗಲಿಯ ಮೇಲೆ ಕೂತಿದ್ದಳು, ಅವಳ ತಾಯಿ ಕೂರುತ್ತಿದ್ದ ಜಾಗದಲ್ಲೇ. ಒಳಗೆ ಮುದ್ದೆಯ ಮೇಲೆ ತಟ್ಟೆ ಮುಚ್ಚಿಟ್ಟಿದ್ದು ಕಾಣುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಹೆದರಿದ್ದಳು, ಆದರೆ ಅಳುತ್ತಿರಲಿಲ್ಲ. ನನಗೇ ಸಮಾಧಾನ ಹೇಳಿದಳು.

"ಧೂಳು ಇಳೀತಲ್ಲ ಅತ್ತೆ, ಚುಕ್ಕಿ ಕಾಣ್ತವೆ. ಧ್ರುವನ್ನ ನೋಡ್ಕಂಡು ಬತ್ತಾ ಇರ್ತಾರೆ ಬುಡಿ. ಬಂದ್ಬುಡ್ತೀನಿ ಅಂತ ಯೋಳವ್ರಲ್ಲ."

ಅವಳು ಸೂರಿನ ಮೇಲೆ ನೋಡಿದಳು. ನಾನೂ ನೋಡಿದೆ. ಧ್ರುವ ಅಲ್ಲೇ ಇದ್ದ, ಅಲುಗದೆ. ಅಯ್ಯೋ ದೇವರೇ! ಅವಳಿಗೆ ಏನೂ ಹೇಳದೆ ಎದ್ದೆ. ಈ ವಯಸ್ಸಿನಲ್ಲಿ ಸೆರಗು ಸಿಕ್ಕಿಸಿಕೊಂಡು ಬೀದಿಯುದ್ದ ಓಡಿದೆ.

"ಬೋರಣ್ಣ, ಅವನು ಧ್ರುವನ್ನ ನೋಡಿಕೊಂಡು ನಡೀತಾ ಇರ್ತಾನೆ!"

"ಪುಸ್ತಕ ಓದ್ದೋನು ಕಮಲಾ, ಅಷ್ಟೂ ಗೊತ್ತಿಲ್ವಾ ಅವುನ್ಗೆ?"

"ಗೊತ್ತಿದೆ. ನಿಮಗೆ ಗೊತ್ತಿಲ್ಲವಾ? ಈಗ ಅಂತೋಣಿಗೆ ಉತ್ತರಕ್ಕೆ ಬಾ ಅಂದ್ರಲ್ಲ, ಕೈ ಯಾವ ಕಡೆ ತೋರಿಸಿದ್ರಿ?"

ಕಿಟಕಿಯಾಚೆ ಚಪ್ಪರದ ಧ್ರುವ ಹೊಳೆಯುತ್ತಿದ್ದ. ಬೋರಣ್ಣ ಒಂದು ಗಳಿಗೆ ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಅಂಟುಪಟ್ಟಿಯನ್ನು ಕೀಳಲು ಹೋದರು. ಇಷ್ಟು ವರ್ಷದ ಅಂಟು, ಬರಲಿಲ್ಲ. ಉಗುರಿನಲ್ಲಿ ಕೆರೆದರು. ಪಟ್ಟಿಯ ಮೇಲಿಂದಲೇ ಬಲವಾಗಿ ಒತ್ತಿದರು.

ಆಕಾಶ ಮಗುಚಿಕೊಂಡಿತು. ಬೀದಿಯಲ್ಲಿ ಜನ ಚೀರಿದ್ದು ಗೋಡೆಯೊಳಗಿನಿಂದಲೂ ಕೇಳಿಸಿತು. ಹಾಸನದ ನಕ್ಷತ್ರಗಳೆಲ್ಲ ಒಂದೇ ಸಲಕ್ಕೆ ಜಾಗ ಬಿಟ್ಟು, ಯಾವುದೋ ಬೇರೆ ಊರಿನ ಆಕಾಶ ಬಂದು ನಿಂತಿತು. ಬೋರಣ್ಣನ ಮನೆಯ ಸೂರಿನ ಮೇಲೆ ಈಗ ಏನೂ ಇಲ್ಲ. ಧ್ರುವ ಅಲ್ಲಿಂದ ದೂರ ಎಡಕ್ಕೆ, ವಾಯವ್ಯದ ಗೋಡೆಯ ಹತ್ತಿರ, ತಗ್ಗಿನಲ್ಲಿದ್ದ. ಇಳಿಯುತ್ತಿದ್ದ.

ಬೋರಣ್ಣ ಪರದೆಯ ಮೇಲೆ ಆಕಾಶವನ್ನು ಹಿಂದಕ್ಕೆ ತಿರುಗಿಸಿದರು. ಧೂಳು ಇಳಿದು ಮಾದೇಶ ಹೊರಟಿರಬಹುದಾದ ಹೊತ್ತಿಗೆ ಧ್ರುವ ವಾಯವ್ಯದಲ್ಲಿ ಎತ್ತರಕ್ಕಿದ್ದ. ಅಲ್ಲಿಂದ ಮುಂದೆ ನಿಧಾನವಾಗಿ ಕೆಳಗಿಳಿಯುತ್ತ ಚೂರು ಚೂರೇ ಉತ್ತರದ ಕಡೆ ಸರಿದಿದ್ದ. ಗಾಡಿ ನಿಂತ ಜಾಗದಿಂದ ಅದೇ ದಿಕ್ಕಿಗೆ ಬೋರಣ್ಣ ನಕ್ಷೆಯ ಮೇಲೆ ಗೆರೆ ಎಳೆದರು. ಗೆರೆ ಊರಿಗೆ ಬರಲೇ ಇಲ್ಲ. ಪಡುವಣದ ಬಯಲಿಗೆ ಹೋಯಿತು.

"ಅಂತೋಣಿ," ಎಂದೆ ನಾನು ರೇಡಿಯೋದಲ್ಲಿ, "ಎಡಕ್ಕೆ ತಿರುಗಿಸು. ಪಡುವಣ ಬಯಲಿಗೆ ಹೋಗು. ಎಷ್ಟು ಜೋರಾಗಿ ಆಗುತ್ತೋ ಅಷ್ಟು."

"ಅಲ್ಲಿಗ್ಯಾಕೆ ಹೋಗ್ತಾನಕ್ಕ ಅವ್ನು?"

"ಹೋಗೋ ಮಾರಾಯ!"

ಬೋರಣ್ಣ ಪರದೆ ನೋಡುತ್ತ ತಮ್ಮಷ್ಟಕ್ಕೆ ಮಾತಾಡತೊಡಗಿದರು. ನನಗೆ ಹೇಳಿದ್ದಲ್ಲ, ಯಾರಿಗೂ ಹೇಳಿದ್ದಲ್ಲ.

"ಧ್ರುವ ಮೊದ್ಲು ಮೇಲಿದ್ದ. ಇಷ್ಟ್ ಎತ್ರಕ್ಕೆ ಯಾಕವ್ನೆ ಅಂತ ಒಂದ್ ಸಲ ಅನುಮಾನ ಬಂದಿರ್ತದೆ. ಆಮ್ಯಾಕೆ ಇಳೀತಾ ಇಳೀತಾ ಮನೆ ಸೂರ್ ಮ್ಯಾಲೆ ಕಾಣೋ ಎತ್ರಕ್ಕೆ ಬಂದ್ಬುಟ್ಟವ್ನೆ. ಓ, ಮನೆ ಬಂತು, ಇನ್ನೇನ್ ಬಂದ್ಬುಡ್ತು ಅಂದ್ಕಂಡಿರ್ತಾನೆ ನನ್ ಮಗ."

ನಾನು ಹೊರಗೆ ಬಂದೆ. ಒಳಗೆ ಕೂರಲಾಗಲಿಲ್ಲ. ಬೀದಿಯಲ್ಲಿ ಊರಿಗೆ ಊರೇ ನಿಂತಿತ್ತು. ವಿಷಯ ಅಷ್ಟರಲ್ಲಿ ಬಾಯಿಂದ ಬಾಯಿಗೆ ಹೋಗಿತ್ತು. ಎಲ್ಲರೂ ವಾಯವ್ಯದ ಗೋಡೆ ನೋಡುತ್ತಿದ್ದರು. ಜೋಯಿಸರು ಕೈಮುಗಿದುಕೊಂಡಿದ್ದರು. ಜನರ ನಡುವೆ ಹೊನ್ನು. ಹೋಗಿ ಅವಳನ್ನು ಹಿಡಿದುಕೊಂಡೆ.

"ಅದೇಯಾ ಅತ್ತೆ? ಅಂವ್ನೇನಾ?" ಎಂದು ಕೇಳಿದಳು.

"ಹೂಂ ಕಣವ್ವ."

"ಯಾಕ್ ಕೆಳೀಕ್ ಓಯ್ತಾವ್ನೆ?"

ಬೀಸುವ ಕಲ್ಲಿನ ಕಥೆ ಹೇಳಲೇ? ಧ್ರುವ ಗೋಡೆಯ ಅಂಚಿಗೆ ಬಂದ, ಒಂದಿಷ್ಟು ಹೊತ್ತು ಅಲ್ಲೇ ಮಿಣುಕುತ್ತ ನಿಂತ ಹಾಗೆ ಕಂಡಿತು, ಮುಳುಗಿದ. ನಮ್ಮಲ್ಲಿ ಹಳಬರು ಯಾರೋ 'ಅಯ್ಯೋ ಶಿವನೇ' ಎಂದರು. ನನ್ನ ಮುಂಗೈ ಹಿಡಿದಿದ್ದ ಹೊನ್ನುವಿನ ಬೆರಳುಗಳ ಗುರುತು ಒಂದು ವಾರ ಹೋಗಲಿಲ್ಲ.

ಅಂತೋಣಿಯ ದನಿ ಅದಾದ ಮೇಲೆ ಬಂತು.

"ಸಿಕ್ಕಿದ ಕಮಲಕ್ಕ." ಆಮೇಲೆ ಬಹಳ ಹೊತ್ತು ಬರೀ ಗರಗರ. "ಬಂಡೆಗೆ ಒರಗಿ ಕೂತವ್ನೆ. ಕವಚದ ದೀಪ ಇನ್ನೂ ಉರೀತಾನೇ ಇದೆ. ಒಂದರ್ಧ ಗಂಟೆ ಮುಂಚೆ ಬಂದಿದ್ರೆ... ಅರ್ಧ ಗಂಟೆ ಅಕ್ಕ."

ಬೋರಣ್ಣ ಮರುದಿನ ಬೆಳಗ್ಗೆ ಕವಚ ಹಾಕಿಕೊಂಡು ಬಯಲಿಗೆ ಹೋದರು. ಬೇಡವೆಂದರೂ ಕೇಳಲಿಲ್ಲ, ಅವರೊಬ್ಬರನ್ನೇ ಬಿಡಲಾರದೆ ನಾನೂ ಹೋದೆ. ಬಂಡೆಯ ನೆಲ ದಾಟಿದ ಮೇಲೆ ಹೊಸ ಧೂಳಿನಲ್ಲಿ ಹೆಜ್ಜೆಗಳು ಅಚ್ಚೊತ್ತಿದ ಹಾಗಿದ್ದವು. ತಡಬಡಾಯಿಸಿದ ಹೆಜ್ಜೆಗಳಲ್ಲ, ಗೊತ್ತಿರುವ ದಾರಿಯಲ್ಲಿ ಮನೆಗೆ ಹೋಗುವವನ ಹೆಜ್ಜೆಗಳು. ನೇರವೂ ಇರಲಿಲ್ಲ. ಬಿಲ್ಲಿನ ಹಾಗೆ ಚೂರೇ ಬಾಗಿದ್ದವು, ರಾತ್ರಿ ಮೇಲೆ ಧ್ರುವ ಹೇಗೆ ಹೇಗೆ ಸರಿದಿದ್ದನೋ ಹಾಗೆ. ಕೂತ ಜಾಗ ಊರಿಗೆ ಸರಿಯಾಗಿ ಪಡುವಣಕ್ಕೆ. ನಡೆದ ದೂರ ಮನೆಗೆ ಸಾಕಾಗಿತ್ತು, ಮಿಕ್ಕೂ ಇತ್ತು. ಅಲ್ಲಿ ಧ್ರುವ ಮುಳುಗಿದ್ದಾನೆ. ಅವನು ಮತ್ತೆ ಕಾಣಿಸಲಿ ಎಂದು ಮಾದೇಶ ಕಾಯುತ್ತ ಕೂತಿದ್ದಾನೆ.

ಬೋರಣ್ಣ ಆ ಹೆಜ್ಜೆಗಳ ಪಕ್ಕದಲ್ಲಿ ಮೊಣಕಾಲೂರಿದರು. ಕವಚದ ಕೈ ದಪ್ಪ, ಮುಟ್ಟಿದರೆ ಗುರುತು ಅಳಿಸೀತೆಂದು ಮುಟ್ಟಲಿಲ್ಲ.

"ತಾಯಮ್ಮಂಗೆ ನಿದ್ದೆ ಬರ್ಲಿ ಅಂತ ಮಾಡ್ದೆ ಕಮಲಾ" ಎಂದರು. "ಅವ್ಳು ಓದ್ಮೇಲಾದ್ರೂ ತೆಗೀಬೋದಿತ್ತು. ತೆಗ್ದ್ರೆ ಅವ್ಳು ಇನ್ನೊಂದ್ ಸಲ ಓದಂಗೆ ಅನ್ಸ್ತು."

ಅವರನ್ನು ಬೈಯಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ತೋಳು ಹಿಡಿದು ಎಬ್ಬಿಸಿ ಗಾಡಿಗೆ ಕರೆದುಕೊಂಡು ಬಂದೆ.

ಅವರು ಆ ವಾರವೇ ಕೆಲಸ ಬಿಟ್ಟರು. ಹೊನ್ನು ಅಪ್ಪನ ಜೊತೆ ಮಾತು ಬಿಟ್ಟಳು, ಊಟ ಹಾಕುವುದು ಬಿಡಲಿಲ್ಲ. ಒಂದೇ ಮನೆಯಲ್ಲಿ ತಟ್ಟೆ ಮುಂದಿಟ್ಟು ಒಳಗೆ ಹೋಗುವಳು, ಅವರು ತಲೆ ಬಗ್ಗಿಸಿ ಉಣ್ಣುವರು.

ಮತ್ತೆ ಸಭೆ ಸೇರಿತು. ಹಳೆಯ ಆಕಾಶ ಹಾಕಿ, ಇದು ನೋಡಿದರೆ ಭಯವಾಗುತ್ತದೆ ಎನ್ನುವವರು ಆಗಲೂ ಇದ್ದರು! ಹೊನ್ನು ಎದ್ದು ನಿಂತಳು. ಯಾರ ಕೈಯೂ ಮೇಲೇಳಲಿಲ್ಲ. ನಿಜ ಆಕಾಶ ಉಳಿಯಿತು, ಅದನ್ನು ಯಾರ ಸಲುವಾಗಿಯೂ ಎತ್ತಬಾರದು ಇಳಿಸಬಾರದು ಎಂದು ತೀರ್ಮಾನವಾಯಿತು.

ಕೆಲವು ತಿಂಗಳ ನಂತರ ಒಂದು ಸಂಜೆ, ಸೂರ್ಯ ಮುಳುಗಿದ ಕಡೆ ಚಪ್ಪರದಲ್ಲಿ ಒಂದು ಹೊಸ ಚುಕ್ಕಿ ಕಂಡಿತು. ಬೇರೆಲ್ಲಕ್ಕಿಂತ ಪ್ರಕಾಶ, ಚೂರು ನೀಲಿ. ಲೆಕ್ಕ ಹಾಕಿ ನೋಡಿದೆ, ಭೂಮಿ. ನಮಗೆ ಅದು ಸಂಜೆಯ ಚುಕ್ಕಿ, ಕೆಲವು ತಿಂಗಳು ಕಳೆದರೆ ಬೆಳಗಿನ ಚುಕ್ಕಿ. ಹಾಸನದ ಆಕಾಶದಲ್ಲಿ ಅದು ಕಾಣುವ ಮಾತೇ ಇಲ್ಲವಲ್ಲ, ಭೂಮಿಯಿಂದ ಭೂಮಿ ಕಾಣುತ್ತದೆಯೇ? ಊರಿನ ಆಕಾಶ ಬೇಕೆಂದು ಹಟ ಹಿಡಿದು ಇಷ್ಟು ವರ್ಷ ಊರೇ ಕಣ್ಣಿಗೆ ಬೀಳದ ಹಾಗೆ ಮಾಡಿಕೊಂಡಿದ್ದೆವು. ಹೋಗಿ ಬೋರಣ್ಣನನ್ನು ಎಳೆದುಕೊಂಡು ಬಂದು ತೋರಿಸಿದೆ. ಅವರು ನೋಡಿದರು.

"ತಾಯಮ್ಮಂಗೆ ಇದ್ನ ತೋರ್ಸಿದ್ರೆ ಮಲಿಕತ್ತಿದ್ಲು" ಎಂದರು. ಅಷ್ಟು ಹೇಳಿ ಮನೆಗೆ ಹೋದರು.

ಮೊನ್ನೆ ಅಂತೋಣಿಯ ಪಕ್ಕದ ಮನೆಯ ಹುಡುಗಿ ಮಂಗಳಗೌರಿಯ ಮದುವೆ. ಜೋಯಿಸರು ಗೊಣಗಿದ್ದೇ ಗೊಣಗಿದ್ದು.

"ಮುಹೂರ್ತ ಬೆಳಗ್ಗೆ ಇದ್ದರೆ ಆ ಧ್ರುವ ಎಲ್ಲೋ ಕೆಳಗೆ ಬಿದ್ದಿರ್ತಾನೆ. ನೀವು ರಾತ್ರಿ ಮಾಡಲ್ಲ, ಎತ್ತಲ್ಲ. ನಾನೇನು ಮಾಡಲಿ ಕಮಲಾಕ್ಷಮ್ಮ?"

"ಸಂಜೆಗೆ ಇಡಿ ಜೋಯಿಸರೇ. ಈ ತಿಂಗಳು ಸಂಜೆ ಹೊತ್ತು ಇರ್ತಾನೆ" ಎಂದೆ.

ಸಂಜೆಗೇ ಇಟ್ಟರು. ಹೊನ್ನು ಬರುತ್ತಾಳೆಂದು ಯಾರೂ ಅಂದುಕೊಂಡಿರಲಿಲ್ಲ, ಬಂದಳು. ಬೋರಣ್ಣ ಹಿಂದಿನ ಸಾಲಿನಲ್ಲಿ ಕಂಬದ ಮರೆಯಲ್ಲಿ ನಿಂತಿದ್ದರು. ಸಪ್ತಪದಿ ಮುಗಿಯಿತು. ಜೋಯಿಸರು ಅರುಂಧತಿ ತೋರಿಸಿದರು. ಧ್ರುವನ ಕಡೆ ಬೆರಳೆತ್ತಿದರು, ಇವನ ಹಾಗೆ ಎಂದು ಶುರು ಮಾಡಿದರು, ಅಲ್ಲೇ ನಿಂತರು. ಗಂಡು ಹೆಣ್ಣು ಪಿಳಿಪಿಳಿ ನೋಡುತ್ತಿದ್ದರು.

ಹೊನ್ನು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಹಸೆಮಣೆಯ ಹತ್ತಿರ ಹಾಗೆ ಬರಬಾರದೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಮದುಮಗಳ ಕೈ ಹಿಡಿದು ಮೇಲಕ್ಕೆ ತೋರಿಸಿದಳು.

"ಅದು ಧ್ರುವ ಕಣವ್ವ. ಚೆನ್ನಾಗೌನೆ, ನೋಡು. ನೋಡಾಯ್ತಾ? ಅದು ನಿಮ್ ಮನೆ ಗುರ್ತಲ್ಲ."

ಆಮೇಲೆ ಆ ಕೈಯನ್ನು ನಿಧಾನವಾಗಿ ಪಕ್ಕಕ್ಕೆ ತಂದಳು, ಹಂಸದ ಬಾಲದ ದೊಡ್ಡ ಚುಕ್ಕಿಯವರೆಗೆ, ಅಲ್ಲಿಂದ ಇನ್ನೂ ಒಂದು ಚೂರು ಆಚೆಗೆ, ಒಂದು ಚುಕ್ಕಿಯೂ ಇಲ್ಲದ ಕಪ್ಪು ಜಾಗಕ್ಕೆ. ಮದುಮಗನಿಗೂ ಅಲ್ಲೇ ನೋಡು ಎಂದಳು. ಅವನು ನೋಡಿದ.

"ಅಲ್ಲೇನೂ ಇಲ್ವಲ್ಲಕ್ಕ" ಎಂದ.

"ಏನೂ ಇಲ್ಲ ಕಣಪ್ಪ. ಅದೇ ಉತ್ತರ. ಹೊರಿಕ್ ಓದಾಗ ಏನೂ ಇಲ್ದಿರೋ ಆ ಜಾಗ ನೋಡ್ಕಂಡು ಮನೀಗ್ ಬಾ."

ಹೇಳಿ ಅವಳು ತಿರುಗಿಕೊಂಡಳು. ಕಂಬದ ಹತ್ತಿರ ಬೋರಣ್ಣ ನಿಂತೇ ಇದ್ದರು, ಕಣ್ಣು ಒರೆಸಿಕೊಳ್ಳುವುದನ್ನೂ ಮರೆತು. ಹೊನ್ನು ಅವರ ಮುಂದೆ ಹೋಗಿ ನಿಂತಳು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಮಾತಾಡಿಸಿದಳು.

"ನಡಿ ಅಪ್ಪ, ಮನೀಗ್ ಓಗವ" ಎಂದಳು.